ಮಾತಾದ ದರ

ನಾನು ಬರೆದ ಹಾಳೆಯಲ್ಲಿ ಆರು ಅಂಕಣಗಳಿದ್ದವು. ಐದೇ ಸಾಕಿತ್ತು.

ಹೆಸರು, ಮಾತಾದ ದರ, ಕೊಡಬೇಕಾದ ಒಟ್ಟು, ಕೊಟ್ಟಿದ್ದು, ಬಾಕಿ, ಈಗ ಕೊಡುವುದು. ಅಡ್ಡಗೆರೆ ಉದ್ದಗೆರೆ ಎಲ್ಲ ಸ್ಕೇಲು ಹಿಡಿದು ಎಳೆದಿದ್ದೆ. ಬಸವಾಪಟ್ಟಣದ ಬಸ್‌ಸ್ಟ್ಯಾಂಡಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕು ಪ್ರತಿ ತೆಗೆಸಿ, ನಾವು ಕೊಡಬೇಕಾದ ನಾಲ್ಕು ಜನಕ್ಕೂ ಒಂದೊಂದು ಅಂತ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟುಕೊಂಡೆ. ಯಾರಿಗೆ ಎಷ್ಟು ಕೊಡುತ್ತಿದ್ದೇವೆ ಎನ್ನುವುದು ನಾಲ್ಕೂ ಜನಕ್ಕೆ ಗೊತ್ತಿರಬೇಕು, ಆಗ ಯಾರಿಗೂ ಅನುಮಾನ ಇರುವುದಿಲ್ಲ ಎಂದು ನನ್ನ ಎಣಿಕೆ.

ನನ್ನ ಗಂಡ ಬಸವರಾಜ್ ಚೇಣಿದಾರ. ಬೇರೆಯವರ ಅಡಿಕೆ ತೋಟದ ಫಸಲನ್ನು ಒಪ್ಪಿಕೊಂಡು ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲ ನಾವೇ ಮಾಡಬೇಕು. ಒಂದು ಕ್ವಿಂಟಾಲ್ ಹಸಿ ಕಾಯಿಗೆ ಇಷ್ಟು ಕೆ.ಜಿ. ಒಣ ಅಡಿಕೆ ಕೊಡುತ್ತೇವೆ ಎಂದು ತೋಟದ ಯಜಮಾನರಿಗೆ ಮಳೆಗಾಲಕ್ಕೆ ಮೊದಲೇ ಮಾತು ಕೊಟ್ಟಿರುತ್ತೇವೆ. ಅದನ್ನೇ ದರ ಅನ್ನುವುದು. ಅದಕ್ಕಿಂತ ಹೆಚ್ಚು ಇಳಿದರೆ ಲಾಭ ನಮ್ಮದು. ಕಡಿಮೆಯಾದರೆ ಪೇಟೆಯಲ್ಲಿ ಕೊಂಡಾದರೂ ತುಂಬಿಕೊಡಬೇಕು. ಹೋದ ಸಲ ಕಾಯಿಯ ಸಿಪ್ಪೆ ದಪ್ಪ, ಒಳಗಿನ ಅಡಿಕೆ ಸಣ್ಣ. ಬೇಯಿಸಿ ಕಣಕ್ಕೆ ಹಾಕಿದ ಮೇಲೆ ಮೂರು ದಿನ ಬಿಸಿಲೇ ಕಾಣಲಿಲ್ಲ, ಒಂದಷ್ಟಕ್ಕೆ ಬೂಸ್ಟು ಹಿಡಿಯಿತು. ಹದಿಮೂರರ ಆಚೀಚೆ ಒಪ್ಪಿಕೊಂಡದ್ದು ಹನ್ನೊಂದೂವರೆಗೆ ನಿಂತಿತು.

ತ್ಯಾವಣಿಗೆಯ ಪಂಚಾಕ್ಷರಪ್ಪನವರಿಗೆ ಮೂರು ಕ್ವಿಂಟಾಲ್ ಹತ್ತು ಕೆ.ಜಿ. ಬಾಕಿ. ಗೋವಿನಕೋವಿಯ ವಿರೂಪಾಕ್ಷಪ್ಪನವರಿಗೆ ಎರಡು ಕ್ವಿಂಟಾಲ್ ನಲವತ್ತು. ನಮ್ಮ ಲಗೇಜ್ ಗಾಡಿಗೆ ಸಾಲ ಕೊಟ್ಟ ಹೊನ್ನಾಳಿಯ ಫೈನಾನ್ಸಿಗೆ ಒಂದು ಲಕ್ಷದ ಹತ್ತು ಸಾವಿರ. ಜಗಳೂರು ಕಡೆಯಿಂದ ಸುಲಿಯಲು ಬಂದಿದ್ದ ಗಾದ್ರಮ್ಮನ ಗುಂಪಿಗೆ ಇಪ್ಪತ್ತೆರಡು ಸಾವಿರ ಕೂಲಿ. ಅಡಿಕೆಗೆ ಕ್ವಿಂಟಾಲಿಗೆ ಐವತ್ತು ಸಾವಿರ ಹಿಡಿದು ಕೂಡಿದರೆ ಒಟ್ಟು ನಾಲ್ಕು ಲಕ್ಷದ ಏಳು ಸಾವಿರ.

ಆರು ತಿಂಗಳು ಬಸವರಾಜ್ ಫೋನನ್ನು ಮಗುಚಿ ಇಡುತ್ತಿದ್ದರು. ಎತ್ತಿದರೆ ಒಂದೇ ಮಾತು: "ನಿಮ್ದೇ ಮೊದಲು ಯಜಮಾನ್ರೇ, ನಿಮ್ದು ಮುಗಿಸಿಯೇ ಉಳಿದೋರದ್ದು." ಇದನ್ನು ನಾಲ್ಕೂ ಜನಕ್ಕೆ ಹೇಳಿದ್ದನ್ನು ನಾನು ಅಡಿಗೆಮನೆಯಿಂದ ಕೇಳಿದ್ದೇನೆ. ಫೈನಾನ್ಸಿನವನು ಒಂದು ದಿನ ಬೆಳಗ್ಗೆ ಬಂದು ನಮ್ಮ ಜಗಲಿಯ ಮೇಲೆ ಕೂತವನು ಮಧ್ಯಾಹ್ನದವರೆಗೆ ಏಳಲಿಲ್ಲ. ಕುಡಿಯಲು ನೀರು ಕೇಳಿದ, ಕೊಟ್ಟೆ. ಓಣಿಯವರೆಲ್ಲ ಹಾದುಹೋಗುವಾಗ ಅವನನ್ನು ನೋಡಿ ನಮ್ಮ ಬಾಗಿಲು ನೋಡುತ್ತಿದ್ದರು. ಅವತ್ತೇ ನಾನು ಹೇಳಿದ್ದು, ಅವರು ಬರುವುದು ಬೇಡ, ನಾವೇ ಹೋಗೋಣ ಎಂದು.

"ಹೋಗಿ ಏನಂತ ಹೇಳಾಕೆ?" ಅಂದರು ಬಸವರಾಜ್.

"ಇರೋದನ್ನ ಹೇಳೋಣ. ಇಷ್ಟೈತೆ, ಇಷ್ಟಿಲ್ಲ ಅಂತ."

ಮದುವೆಗೆ ಮುಂಚೆ ಚನ್ನಗಿರಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಎರಡು ವರ್ಷ ಸಂಜೆ ತರಗತಿಗೆ ಹೋಗಿ ಲೆಕ್ಕಪತ್ರ ಬರೆಯುವುದನ್ನು ಕಲಿತಿದ್ದೆ. ಯಾವ ಮೊತ್ತ ಬರೆದರೂ ಅದು ಎಲ್ಲಿಂದ ಬಂತು ಎಂದು ಪಕ್ಕದಲ್ಲೇ ಕಾಣಬೇಕು ಎಂದು ಮೇಷ್ಟ್ರು ತಿದ್ದುತ್ತಿದ್ದರು. ನಾನು ಅಷ್ಟು ಚುರುಕಿನವಳಲ್ಲ. ಕಲಿತ ಒಂದನ್ನು ಬಿಡದೆ ಹಿಡಿದುಕೊಳ್ಳುವುದು ಮಾತ್ರ ಗೊತ್ತು. ಅದಕ್ಕೇ ದರದ ಅಂಕಣ ಹಾಕಿದೆ. ಬಸವರಾಜ್ ತಮ್ಮ ಪುಸ್ತಕದಲ್ಲಿ ಗೀಚಿದ್ದ ದರಗಳನ್ನು ಹಾಗೆಯೇ ಇಳಿಸಿದೆ: ಪಂಚಾಕ್ಷರಪ್ಪನವರಿಗೆ ಹದಿಮೂರೂಕಾಲು, ವಿರೂಪಾಕ್ಷಪ್ಪನವರಿಗೆ ಹನ್ನೆರಡೂಮುಕ್ಕಾಲು. ಫೈನಾನ್ಸಿನ ಮುಂದೆ ಬಡ್ಡಿ, ಗಾದ್ರಮ್ಮನ ಮುಂದೆ ಕೆ.ಜಿ.ಗೆ ಸುಲಿತದ ಕೂಲಿ.

ನನ್ನ ಕಿವಿಯ ಓಲೆ ಮಾರಿ, ಮನೆಯಲ್ಲಿದ್ದದ್ದನ್ನೂ ಸೇರಿಸಿದಾಗ ಕೈಯಲ್ಲಿ ಅರವತ್ತೊಂದು ಸಾವಿರ ಚಿಲ್ಲರೆ ಆಯಿತು. ಬಾಕಿಯ ಪ್ರತಿ ರೂಪಾಯಿಗೆ ಹದಿನೈದು ಪೈಸೆ. ಅದೇ ಪ್ರಮಾಣದಲ್ಲಿ ನಾಲ್ಕು ಕವರು ಮಾಡಿದೆ. ಉಳಿದದ್ದು ತೀರಬೇಕಾದರೆ ಈ ವರ್ಷ ಒಂದಾದರೂ ತೋಟ ಸಿಗಬೇಕು. ಕೇಳಲು ಇದ್ದದ್ದೂ ಒಂದೇ, ಗೋವಿನಕೋವಿಯದು. ವಿರೂಪಾಕ್ಷಪ್ಪನವರು ಯುಗಾದಿಯಲ್ಲಿ ಸಿಕ್ಕಾಗ, "ಹಳೇದು ಒಂದಿಷ್ಟು ತೀರಿಸು, ಆಮೇಲೆ ನೋಡಣ" ಅಂದಿದ್ದರು. ಆ 'ನೋಡಣ'ವನ್ನೇ ನಾವು ಎರಡು ತಿಂಗಳು ಉಂಡು ಬದುಕಿದ್ದೆವು.

ಸೋಮವಾರ ಬೆಳಗ್ಗೆ ಗಾಡಿಯಲ್ಲಿ ಹೊರಟೆವು.

ಪಂಚಾಕ್ಷರಪ್ಪನವರು ಪಡಸಾಲೆಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಬಸವರಾಜ್ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತರು.

"ಓಹೋ, ಬದುಕಿದೀಯಾ? ನಾನು ನಿನ್ನ ಫೋನು ಸತ್ತಿತು ಅಂದ್ಕಂಡಿದ್ದೆ, ನೀನೇ ಸತ್ತೀ ಅಂತ ಇವ್ಳು ಅಂತಿದ್ಲು." ಒಳಗಿನಿಂದ ಅವರ ಹೆಂಡತಿ, "ನಾನೆಲ್ಲಿ ಅಂದೆ?" ಎಂದು ಕೂಗಿದರು.

ನಾನು ಕವರನ್ನೂ ಹಾಳೆಯನ್ನೂ ಮುಂದಿಟ್ಟೆ. ಹೇಳಬೇಕೆಂದುಕೊಂಡದ್ದನ್ನೆಲ್ಲ ಗಾಡಿಯಲ್ಲಿ ಮೂರು ಸಲ ಬಾಯಿಪಾಠ ಮಾಡಿದ್ದೆ, ಆದರೂ ಅರ್ಧಕ್ಕೆ ಮರೆಯಿತು. ಈಗ ಇಪ್ಪತ್ಮೂರು ಸಾವಿರದ ಇನ್ನೂರೈವತ್ತು, ಉಳಿದದ್ದು ಎರಡು ಸುಗ್ಗಿಯಲ್ಲಿ, ಇಷ್ಟು ಮಾತ್ರ ಹೇಳಿದೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. "ನಲವತ್ತು ವರ್ಷದಿಂದ ತೋಟ ಮಾಡ್ತಿದೀನಿ ತಂಗಿ, ಚೇಣಿದಾರ ಕಾಗದ ಹಿಡ್ಕಂಡು ಬಂದಿದ್ದು ಇದೇ ಮೊದಲು. ಕಟ್ಟು ಹಾಕಿಸಿ ಗೋಡೆಗೆ ನೇತಾಕ್ತೀನಿ." ಆಮೇಲೆ ಅವರ ಬೆರಳು ಎರಡನೇ ಸಾಲಿನಲ್ಲಿ ನಿಂತಿತು. ಒಮ್ಮೆ ಬಸವರಾಜರ ಮುಖ ನೋಡಿ ನಗಲು ಶುರುಮಾಡಿದರು. ಹೊಟ್ಟೆ ಕುಲುಕುವಷ್ಟು ನಕ್ಕರು. "ಆಗ್ಲಿ, ಎರಡು ಸುಗ್ಗಿ ತಗೋ. ನನ್ನ ತೋಟ ಮಾತ್ರ ಬೇರೆಯವನಿಗೆ ಹೇಳಾಗೈತೆ." ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

ಗಾಡಿ ಹತ್ತಿದ ಮೇಲೆ, "ಅವ್ರು ಯಾಕ್ರೀ ಹಂಗೆ ನಕ್ಕಿದ್ದು?" ಎಂದು ಕೇಳಿದೆ.

"ದೊಡ್ಡೋರು, ನಗ್ತಾರೆ" ಅಂದರು ಬಸವರಾಜ್. ನಾನು ಸುಮ್ಮನೆ ಹಿಗ್ಗಿನಲ್ಲಿದ್ದೆ. ಮೊದಲನೆಯವರೇ ಒಪ್ಪಿದರಲ್ಲ.

ಹೊನ್ನಾಳಿಯ ಫೈನಾನ್ಸಿನಲ್ಲಿ ರಮೇಶ್ ಎನ್ನುವವನು ಮ್ಯಾನೇಜರು. ಹದಿನಾರೂವರೆ ಸಾವಿರವನ್ನು ಎರಡು ಸಲ ಮಿಷನ್ನಿಗೆ ಹಾಕಿ ಎಣಿಸಿ ರಸೀದಿ ಕೊಟ್ಟ. ಹಾಳೆಯನ್ನು ಓದದೆಯೇ ಫೈಲಿಗೆ ಸೇರಿಸಿದ.

"ಮೇಡಂ, ನಮಗೆ ಉಳಿದೋರ ಸಾಲ ಬೇಡ. ಈ ವರ್ಷ ನಿಮ್ಮ ಗಾಡಿಗೆ ಕೆಲಸ ಐತಾ ಇಲ್ವಾ? ತೋಟದೋರ ಕೈಲಿ ಒಂದು ಫೋನ್ ಮಾಡ್ಸಿ, ಕಂತು ಇಳಿಸ್ತೀನಿ. ಇಲ್ಲಾಂದ್ರೆ ತಿಂಗಳ ಕೊನೆಗೆ ಗಾಡಿ ತಂದು ಇಲ್ಲಿ ನಿಲ್ಲಿಸಿಬಿಡ್ರಿ. ನಾವು ಬಂದು ಎಳ್ಕಂಡು ಹೋಗೋದು, ಓಣೀಲಿ ಜನ ಸೇರೋದು, ಯಾಕೆ ಬೇಕು ಅದೆಲ್ಲ?"

ಅವನು ಹೇಳಿದ್ದು ಕೆಟ್ಟ ರೀತಿಯಲ್ಲಲ್ಲ. ಅದೇ ಹೆಚ್ಚು ಹೆದರಿಕೆ ತಂದಿತು.

ಗೋವಿನಕೋವಿಯ ದಾರಿಯಲ್ಲಿ ಬಸವರಾಜ್ ಗಾಡಿ ಬದಿಗೆ ನಿಲ್ಲಿಸಿದರು. ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡೇ, "ಇಲ್ಲಿ ಹಾಳೆ ತೆಗೀಬೇಡ. ದುಡ್ಡು ಕೊಟ್ಟು ಬಾಯಲ್ಲೇ ಹೇಳಣ" ಅಂದರು.

"ಯಾಕೆ?"

"ಅವ್ರಿಗೆ ಕಾಗದ ಗೀಗದ ಅಂದ್ರೆ ಆಗಲ್ಲ."

ಆರು ತಿಂಗಳು ಕೇಳಿದ್ದ ದನಿಯೇ ಅದು. ನಿಮ್ದೇ ಮೊದಲು ಯಜಮಾನ್ರೇ ಅನ್ನುವ ದನಿ. ಮತ್ತೆ ಏನೋ ಮುಚ್ಚಿಡಲು ಹೊರಟಿದ್ದಾರೆ, ಇಷ್ಟು ದೂರ ಬಂದು ಮತ್ತೆ ಅದೇ ಹಳೆಯ ದಾರಿ ಎನಿಸಿತು. "ಎಲ್ರಿಗೂ ಕೊಟ್ಟು ಇವ್ರೊಬ್ಬರಿಗೆ ಕೊಡ್ದೆ ಇದ್ರೆ, ನಾಳೆ ಗೊತ್ತಾದಾಗ ಏನಂದ್ಕೋತಾರೆ?" ಎಂದೆ. ಅವರು ಗಾಡಿ ಮತ್ತೆ ಸ್ಟಾರ್ಟ್ ಮಾಡಿದರು. ಆ ಗಳಿಗೆಯಲ್ಲಿ ಅವರು ನಿಜ ಹೇಳಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ನಾನು ಇನ್ನೊಂದು ಸಲ ಮೆಲ್ಲಗೆ ಕೇಳಿದ್ದರೆ ಎಂದೂ ಅಂದುಕೊಂಡಿದ್ದೇನೆ.

ವಿರೂಪಾಕ್ಷಪ್ಪನವರು ಮನೆಯ ಮುಂದಿನ ಕಟ್ಟೆಯ ಮೇಲಿದ್ದರು. ಅವರ ಹೆಂಡತಿ ಶಿವಗಂಗಮ್ಮ ನಮಗೆ ಮಜ್ಜಿಗೆ ತಂದುಕೊಟ್ಟು, ನನ್ನ ಬರಿ ಕಿವಿ ನೋಡಿ, "ಏನವ್ವ, ಓಲೆ ಎಲ್ಲಿ?" ಎಂದರು. ತೊಳೆಯಲು ಬಿಚ್ಚಿಟ್ಟಿದ್ದೇನೆ ಎಂದೆ. ನಾನೂ ಸುಳ್ಳು ಹೇಳಿದೆ, ಅಷ್ಟು ಸಲೀಸಾಗಿ.

ಬಸವರಾಜ್ ಹದಿನೆಂಟು ಸಾವಿರದ ಕವರು ಕೊಟ್ಟರು. ವಿರೂಪಾಕ್ಷಪ್ಪನವರು ತೊಡೆಯ ಮೇಲಿಟ್ಟುಕೊಂಡು, "ಬಂದ್ಯಲ್ಲ, ಅಷ್ಟು ಸಾಕು. ಬರ್ದೆ ಇರೋರ ಮಧ್ಯ ಬಂದ್ಯಲ್ಲ. ತೋಟಕ್ಕೆ ಮೂರು ಜನ ಬಂದು ಕೇಳಿಕೊಂಡು ಹೋದ್ರು, ನಾನು ಯಾರಿಗೂ ಹೂಂ ಅಂದಿಲ್ಲ" ಎಂದರು.

ಆ ಸಮಾಧಾನದಲ್ಲೇ ಕವರಿನಿಂದ ಹಾಳೆ ತೆಗೆದೆ.

"ಇದೂ ಇರ್ಲಿ ಯಜಮಾನ್ರೇ. ಎಲ್ಲಾ ಲೆಕ್ಕ ಇದ್ರಾಗೈತೆ. ನಾವು ಯಾರಿಗೂ ಹೆಚ್ಚು ಕಮ್ಮಿ ಮಾಡಿಲ್ಲ."

ಬಸವರಾಜ್ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟ ಸದ್ದು ಕೇಳಿತು.

ವಿರೂಪಾಕ್ಷಪ್ಪನವರು ಒಂದೊಂದೇ ಸಾಲು ಬೆರಳಿಟ್ಟು ಓದಿದರು. ಓದಿ ಮತ್ತೆ ಮೇಲಿನಿಂದ ಓದಿದರು. "ಪಂಚಾಕ್ಷರಪ್ಪಂಗೆ ಹದಿಮೂರೂಕಾಲು" ಎಂದರು. ಬೆರಳನ್ನು ಕೆಳಗಿನ ಸಾಲಿಗೆ ಇಳಿಸಿ, "ನಂಗೆ ಹನ್ನೆರಡೂಮುಕ್ಕಾಲು" ಎಂದರು.

ಪಂಚಾಕ್ಷರಪ್ಪನವರು ಅವರ ಬೀಗರು ಎಂದು ನನಗೆ ಗೊತ್ತಿತ್ತು. ಒಬ್ಬರ ಮಗಳನ್ನು ಇನ್ನೊಬ್ಬರ ಮಗನಿಗೆ ಕೊಟ್ಟ ಮದುವೆಗೆ ನಾವೇ ಹೋಗಿ ಉಂಡು ಬಂದಿದ್ದೆವು. ಗೊತ್ತಿದ್ದೂ ಅದು ನನ್ನ ತಲೆಯಲ್ಲಿ ಹಾಳೆಯ ಪಕ್ಕಕ್ಕೆ ಬಂದು ಕೂತಿರಲಿಲ್ಲ.

"ಬಸವರಾಜ, ಇದೇ ಕಟ್ಟೆ ಮೇಲೆ ಕೂತು ಏನಂದಿದ್ದೆ ನೀನು? ನಾನು ಹದಿಮೂರು ಕೇಳಿದಾಗ ಏನಂದೆ?"

ಬಸವರಾಜ್ ನೆಲ ನೋಡುತ್ತಿದ್ದರು.

"ಹೇಳೋ."

"ನಿಮ್ಮ ಬೀಗರಿಗೂ ಇದೇ ದರ ಅಂದಿದ್ದೆ."

"ಬಸವಣ್ಣನ ಆಣೆ ಬೇರೆ ಹಾಕಿದ್ದೆ." ಅವರು ಕೂಗಾಡಲಿಲ್ಲ. "ಮೊನ್ನೆ ಮೊಮ್ಮಗೂನ ತೊಟ್ಲಿಗೆ ಹೋದಾಗ ಪಂಚಾಕ್ಷರಪ್ಪ ಕೇಳ್ದ, ನಿಮ್ದೆಷ್ಟಕ್ಕೆ ಆಯ್ತು ಬೀಗ್ರೇ ಅಂತ. ನಿಮ್ಮಷ್ಟೇ ಅಂದೆ ನಾನು, ದೊಡ್ಡದಾಗಿ. ನಾಲ್ಕು ಜನದ ಮುಂದೆ. ಈಗ ಈ ಕಾಗದ ಅವನ ಹತ್ರನೂ ಐತಾ?"

"ಬೆಳಗ್ಗೆ ಕೊಟ್ವಿ" ಎಂದೆ.

ಆಗ ಆ ನಗು ನನಗೆ ಅರ್ಥವಾಯಿತು.

ಎಲ್ಲ ಚೇಣಿದಾರರೂ ಹೀಗೆಯೇ. ಒಂದು ತೋಟದ ದರ ಇನ್ನೊಂದಕ್ಕೆ ಗೊತ್ತಾಗದ ಹಾಗೆ, ಚೌಕಾಸಿ ಮಾಡಿದವರಿಗೆ ಹೆಚ್ಚು, ನಂಬಿದವರಿಗೆ ಕಡಿಮೆ. ಯಜಮಾನರಿಗೂ ಅದು ಗೊತ್ತು. ಗೊತ್ತಿದ್ದರೂ ಕಣ್ಣ ಮುಂದೆ ಬರೆದಿಟ್ಟರೆ ಯಾರೂ ತಡೆದುಕೊಳ್ಳುವುದಿಲ್ಲ. ಇದು ನನಗೆ ಅಂದು ಆ ಕಟ್ಟೆಯ ಮುಂದೆ ನಿಂತು ತಿಳಿಯಿತು, ಹನ್ನೊಂದು ವರ್ಷ ಚೇಣಿದಾರನ ಹೆಂಡತಿಯಾಗಿದ್ದ ಮೇಲೆ.

ವಿರೂಪಾಕ್ಷಪ್ಪನವರು ಬಾಯಲ್ಲೇ ಲೆಕ್ಕ ಹಾಕಿದರು. "ನೂರ ಎಂಬತ್ತು ಕ್ವಿಂಟಾಲ್ ಹಸಿ ಕಾಯಿ. ಕ್ವಿಂಟಾಲಿಗೆ ಅರ್ಧ ಕೆ.ಜಿ. ತೊಂಬತ್ತು ಕೆ.ಜಿ. ಆಯ್ತಲ್ಲ? ಅದನ್ನೂ ಸೇರ್ಸು ನಿನ್ನ ಹಾಳೇಗೆ ತಂಗಿ. ಎರಡು ನಲವತ್ತಲ್ಲ, ಮೂರು ಕ್ವಿಂಟಾಲ್ ಮೂವತ್ತು." ಹಣದ ಕವರನ್ನು ಬಸವರಾಜರ ಕಡೆಗೆ ಸರಿಸಿದರು. "ಇದನ್ನ ತಗೊಂಡು ಹೋಗು. ಪೂರ್ತಿ ತಂದಾಗ ಬಾ. ತೋಟದ ಮಾತು ಬಿಡು."

"ಯಜಮಾನ್ರೇ, ತೋಟ ಇಲ್ಲಾಂದ್ರೆ ಪೂರ್ತಿ ಎಲ್ಲಿಂದ..." ಎಂದು ನಾನು ಶುರುಮಾಡಿದೆ.

"ಹೆಂಗೋ ಏನೋ. ನೀನು ಓದಿದಾಕಿ, ಬರ್ದು ನೋಡು."

ಶಿವಗಂಗಮ್ಮ ಬಂದು ಲೋಟಗಳನ್ನು ತೆಗೆದುಕೊಂಡು ಹೋದರು. ನನ್ನ ಲೋಟದಲ್ಲಿ ಇನ್ನೂ ಮಜ್ಜಿಗೆ ಇತ್ತು.

ವಾಪಸ್ ಬರುವಾಗ ಬಸವರಾಜ್ ಬೈದರೆ ಸಾಕಿತ್ತು ಎಂದು ಕಾಯುತ್ತಿದ್ದೆ. ಬೈಯಲಿಲ್ಲ. ಹೊನ್ನಾಳಿ ದಾಟಿದ ಮೇಲೆ, "ನೀನು ಬರ್ದಿದ್ರಲ್ಲಿ ಒಂದೂ ತಪ್ಪಿರ್ಲಿಲ್ಲ" ಎಂದರು.

"ನೀವು ಮೊದ್ಲೇ ಹೇಳ್ಬೇಕಿತ್ತು."

"ಏನಂತ? ಬಸವಣ್ಣನ ಆಣೆ ಹಾಕಿ ಸುಳ್ಳು ಹೇಳೀನಿ ಅಂತ? ನಿನ್ನ ಮುಂದೆ?" ಅವರು ರಸ್ತೆಯನ್ನೇ ನೋಡುತ್ತಿದ್ದರು. "ಅವ್ರ ಮುಂದೆ ಸಣ್ಣೋನಾಗೋದು ಅಭ್ಯಾಸ ಆಗೈತೆ."

ನಾನು ಹಾಳೆ ತೆಗೆಯದೆ ಇದ್ದಿದ್ದರೂ ಪಂಚಾಕ್ಷರಪ್ಪನವರು ಸಂಜೆಗೇ ಬೀಗರಿಗೆ ಫೋನು ಮಾಡುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅವರ ಜೇಬಿಗೆ ಆ ಹಾಳೆ ಹಾಕಿದವಳೂ ನಾನೇ. ಯಾವ ಕಡೆಯಿಂದ ಕೂಡಿದರೂ ಮೊತ್ತ ಅದೇ ಬರುತ್ತಿತ್ತು.

ಮರುದಿನ ಜಗಳೂರಿಗೆ ಬಸ್ಸಿನಲ್ಲಿ ಹೋದೆವು. ಗಾಡಿಗೆ ಡೀಸೆಲ್ ಹಾಕಿಸುವ ಧೈರ್ಯ ಇರಲಿಲ್ಲ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಜಗಳೂರಿನಿಂದ ಆಟೋ ಹಿಡಿದು ಗಾದ್ರಮ್ಮನ ಹಳ್ಳಿ ಸೇರುವಾಗ ಮಧ್ಯಾಹ್ನ. ಬ್ಯಾಗಿನಲ್ಲಿ ಎರಡು ಕವರಿದ್ದವು. ಗಾದ್ರಮ್ಮನ ಪಾಲಿನ ಮೂರು ಸಾವಿರದ ಮುನ್ನೂರು, ವಿರೂಪಾಕ್ಷಪ್ಪನವರು ಹಿಂದಕ್ಕೆ ಸರಿಸಿದ ಹದಿನೆಂಟು ಸಾವಿರ.

ಗಾದ್ರಮ್ಮ ಮನೆಯ ಮುಂದೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಐವತ್ತು ದಾಟಿದ ಹೆಂಗಸು. ಸುಗ್ಗಿಯಲ್ಲಿ ಏಳು ಹೆಂಗಸರನ್ನು ಕಟ್ಟಿಕೊಂಡು ಬಂದು ನಮ್ಮ ಶೆಡ್ಡಿನಲ್ಲಿ ಮೂರು ತಿಂಗಳು ಸುಲಿದಿದ್ದಳು.

"ಏನ್ ಸಾವ್ಕಾರ್ರೆ, ದಾರಿ ತಪ್ಪಿ ಬಂದ್ರಾ? ಬರ್ರಿ, ಬಿಸಿಲಾಗೆ ನಿಂತ್ಕಬ್ಯಾಡ್ರಿ. ಅಕ್ಕಾರೇ, ನೀವೂ ಕುಂದ್ರಿ." ನನ್ನ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರು ನೋಡಿ, "ಅದೇನು ಕಾಗ್ದ?" ಎಂದಳು.

"ಯಾರಿಗೆ ಎಷ್ಟು ಕೊಡ್ಬೇಕು ಅಂತ ಬರ್ದಿದ್ದು."

"ಅದ್ರಾಗೆ ನನ್ ಹೆಸ್ರು ಎಷ್ಟನೇದು?"

"ನಾಲ್ಕನೇದು."

"ಒಟ್ಟು ಎಷ್ಟು ಮಂದಿ?"

"ನಾಲ್ಕು."

"ಕಡೇದು ಅನ್ನಿ ಮತ್ತೆ" ಎಂದು ನಕ್ಕಳು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ, ಅಂಥ ಹಾಳೆಗಳನ್ನು ಬಹಳ ಕಂಡವಳ ಹಾಗೆ ನಕ್ಕಳು.

ಹದಿನೈದು ಪೈಸೆಯ ಲೆಕ್ಕ ಹೇಳಲು ನನಗೆ ಬಾಯಿ ಬರಲಿಲ್ಲ. ಎಂಟು ಜನರಲ್ಲಿ ಮೂರು ಸಾವಿರದ ಮುನ್ನೂರು ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು ಎಂದು ನಾನು ಹಾಳೆ ಬರೆಯುವಾಗ ಭಾಗಿಸಿ ನೋಡಿರಲಿಲ್ಲ. ಬಸವರಾಜರ ಮುಖ ನೋಡಿದೆ. ಅವರು ತಲೆಯಾಡಿಸಿದರು. ಎರಡೂ ಕವರು ಒಟ್ಟಿಗೆ ಅವಳ ಕೈಗಿಟ್ಟೆ.

ಗಾದ್ರಮ್ಮ ನೋಟುಗಳನ್ನು ಎಂಜಲು ಹಚ್ಚಿ ಎಣಿಸಿದಳು. "ಇಪ್ಪತ್ತೊಂದು ಸಾವ್ರದ ಮುನ್ನೂರು. ಏಳ್ನೂರು ಕಮ್ಮಿ ಐತೆ."

"ಕೊಡ್ತೀವಿ."

"ನನ್ ಪಾಲಾಗೆ ಹಿಡ್ಕಂತೀನಿ, ಉಳಿದೋರಿಗೆ ಪೂರಾ ಕೊಡ್ತೀನಿ. ಮರೀಬ್ಯಾಡ್ರಿ ಮತ್ತೆ." ಸೆರಗಿನ ತುದಿಯಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಈ ಸಲ ಯಾವ ತೋಟ? ಯಾವಾಗ ಬರಾಕೆ ಹೇಳ್ತೀರಿ?"

ಬಸವರಾಜ್ ಎದ್ದು ಬೀದಿಯ ಕಡೆಗೆ ಹೋದರು. ತೋಟ ಇಲ್ಲ ಎಂದು ನಾನೇ ಹೇಳಿದೆ.

ಗಾದ್ರಮ್ಮ ಸ್ವಲ್ಪ ಹೊತ್ತು ಬೀಜ ಬಿಡಿಸಿದಳು. "ಬೆಳಗ್ಗೆ ನಿಂಗರಾಜ್ ಅಂತ ಒಬ್ಬ ಚೇಣಿದಾರ ಫೋನ್ ಮಾಡಿದ್ದ. ಗೋವಿನಕೋವೀಲಿ ತೋಟ ಹಿಡ್ದನಂತೆ ರಾತ್ರಿ, ವಿರೂಪಾಕ್ಷಪ್ಪ ಅನ್ನೋರ್ದು. ಹದಿಮೂರೂವರೆಗೆ. ಎಂಟು ಮಂದಿ ಸಾಲಲ್ಲ, ಹತ್ತು ಕರ್ಕಂಡು ಬಾ ಅಂದ." ಎಂದವಳು ನನ್ನ ಮುಖ ನೋಡಿ ನಿಲ್ಲಿಸಿದಳು. "ನಿಮ್ ಕೈ ತಪ್ಪಿದ್ದು ಅದೇ ತೋಟನಾ?"

"ಹೂಂ."

"ಹದಿಮೂರೂವರೆ ಎಲ್ಲಿಂದ ಬರ್ತೈತಕ್ಕ? ಅವ್ನೂ ಮುಳುಗ್ತಾನೆ."

ನಾನು ಲೆಕ್ಕ ಹಾಕುತ್ತಿದ್ದೆ. ತಿಂಗಳ ಕೊನೆಗೆ ಗಾಡಿ ಹೊನ್ನಾಳಿಯಲ್ಲಿ ನಿಲ್ಲುತ್ತದೆ. ಆಮೇಲೆ ಬಸವರಾಜ್ ಯಾರದಾದರೂ ಕೊಯ್ಲಿನ ಗಾಡಿಗೆ ಡ್ರೈವರು. ಅದರಲ್ಲಿ ಮನೆ ನಡೆಯುತ್ತದೆ, ಸಾಲ ನಡೆಯುವುದಿಲ್ಲ.

"ಹತ್ತು ಮಂದಿ ಆದ್ರಾ?" ಎಂದೆ.

"ಒಂಬತ್ತಾಗೀವಿ."

"ನಾನು ಬರ್ಲಾ?"

ಗಾದ್ರಮ್ಮ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. ಅವಳ ಹೆಬ್ಬೆರಳಿನ ಪಕ್ಕ ಕತ್ತಿ ತಾಗಿ ತಾಗಿ ಚರ್ಮ ಕಪ್ಪಗೆ ಗಡುಸಾಗಿತ್ತು. "ಪೆನ್ನು ಹಿಡ್ದ ಕೈ. ಮೊದ್ಲು ಹದಿನೈದು ದಿನ ರಕ್ತ ಬರ್ತೈತೆ. ಸುಲಿತ ಈ ಸಲ ಅವ್ರ ಕಣದಾಗೇ ಅಂತೆ, ವಿರೂಪಾಕ್ಷಪ್ಪರ ಕಣ್ಣ ಮುಂದೆನೇ ಕುಂದ್ರಬೇಕಾಕೈತೆ, ಆಕೈತಾ?"

"ಆಗ್ತೈತೆ" ಎಂದೆ. ಆಗುತ್ತದೋ ಇಲ್ಲವೋ ಈಗಲೂ ಗೊತ್ತಿಲ್ಲ.

ಅವಳು ಮನೆಯ ಒಳಗೊಮ್ಮೆ, ಬೀದಿಯ ಕಡೆಗೊಮ್ಮೆ ನೋಡಿ ದನಿ ಇಳಿಸಿದಳು. "ನಮಗೆಲ್ಲ ಕೆ.ಜಿ.ಗೆ ಹನ್ನೆರಡು. ಹೊಸಬ್ರಿಗೆ ಹತ್ತೇ ಕೊಡೋದು, ಇನ್ನೊಬ್ಬಾಕಿ ಹೊಸಬ್ಳು ಬರ್ತಾಳೆ, ಅವ್ಳಿಗೂ ಹತ್ತೇ ಹೇಳೀನಿ. ನಿಂಗೆ ಹನ್ನೊಂದು ಮಾಡ್ಸಿ ಕೊಡ್ತೀನಿ. ಅವ್ಳ ಮುಂದೆ ಬಾಯಿ ಬಿಡ್ಬ್ಯಾಡ."

ಬ್ಯಾಗಿನಲ್ಲಿ ಅವಳಿಗೆಂದು ತಂದಿದ್ದ ನಾಲ್ಕನೇ ಪ್ರತಿ ಹಾಗೆಯೇ ಇತ್ತು. ಬೀದಿಯ ತುದಿಯಲ್ಲಿ ಬಸವರಾಜ್ ಆಟೋ ಬಂತು ಎಂದು ಕೈ ಬೀಸುತ್ತಿದ್ದರು.

"ಬಿಡಲ್ಲ" ಎಂದು ಹೇಳಿ ಎದ್ದೆ.